ಸರ್ ಕೇಳುತ್ತಿದ್ದ ಲೇಖನ

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಪ್ರಯೋಗಾಲಯದ ಗ್ರಂಥಾಲಯ ಸಮಿತಿಗೆ ಸರ್ ಅಧ್ಯಕ್ಷರಾಗಿದ್ದರು. ಸಂದರ್ಶನಕ್ಕೆ ಕೂತ ಉಳಿದವರೆಲ್ಲ ನನ್ನ ಅಂಕಪಟ್ಟಿಯನ್ನು ತಿರುವಿ ಹಾಕುತ್ತಿದ್ದರೆ ಅವರು ಮಾತ್ರ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಯಾರಾದರೂ ಬಂದು ಒಂದು ಪುಸ್ತಕ ಕೇಳಿದರೆ ಮೊದಲು ಏನು ಮಾಡುತ್ತೀಯಮ್ಮ ಎಂದು ಕೇಳಿದರು. ಕಪಾಟಿನಲ್ಲಿ ಇದೆಯೋ ಇಲ್ಲವೋ ನೋಡುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಅದು ಯಾತಕ್ಕೆ ಬೇಕು ಅಂತ ಮೊದಲು ಕೇಳಬೇಕು, ನಮ್ಮಲ್ಲಿ ಅರ್ಧ ಜನ ಬೇಕಾದ್ದನ್ನು ಬಿಟ್ಟು ಬೇರೇನನ್ನೋ ಕೇಳುತ್ತೇವೆ ಎಂದು ನಕ್ಕರು. ಉತ್ತರ ತಪ್ಪಿದರೂ ಕೆಲಸ ಸಿಕ್ಕಿತು. ನನಗೆ ಕೊಡಲೇಬೇಕು ಎಂದು ಹಟ ಹಿಡಿದವರು ಅವರೇ ಎಂದು ಆಮೇಲೆ ಯಾರೋ ಹೇಳಿದರು.

ನಮ್ಮದು ದೊಡ್ಡ ಸಂಸ್ಥೆಯೇನಲ್ಲ. ಕೊಪ್ಪದ ಪೇಟೆ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ, ಈ ಕಡೆಯ ಬೆಳೆಗಳಿಗೆ ಬರುವ ರೋಗಗಳನ್ನು ಅಭ್ಯಾಸ ಮಾಡುವ ಒಂದು ಪ್ರಯೋಗಾಲಯ. ಅದರ ಹಿಂಭಾಗದಲ್ಲಿ ಉದ್ದನೆಯದೊಂದು ಹಾಲ್. ಅದೇ ಗ್ರಂಥಾಲಯ. ಸರ್ ಕಾಳುಮೆಣಸಿನ ಸೊರಗು ರೋಗದ ಮೇಲೆ ಕೆಲಸ ಮಾಡುತ್ತಿದ್ದರು. ಬಳ್ಳಿ ಇವತ್ತು ಹಸಿರಾಗಿದ್ದು ಕೆಲವೇ ದಿನಗಳಲ್ಲಿ ಎಲೆ ಉದುರಿಸಿ ಸತ್ತೇ ಹೋಗುವ ಆ ರೋಗದ ಮೂಲ ಹುಡುಕಿಕೊಂಡು ಕಿಗ್ಗದ ಕಡೆಯ ತೋಟಗಳಿಂದ ಕಾಗದದ ಚೀಲಗಳಲ್ಲಿ ಮಣ್ಣು ತರುತ್ತಿದ್ದರು. ಆ ಮಣ್ಣಿನ ಕಾಲಿನಲ್ಲೇ ನೇರವಾಗಿ ಗ್ರಂಥಾಲಯಕ್ಕೆ ಬಂದು ಕೂತು ನನ್ನಿಂದ ಬೈಸಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ಶೃಂಗೇರಿಯ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರಾದ್ದರಿಂದ ಏನು ಓದಿದರೂ ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ ಓದುವ ಅಭ್ಯಾಸ. ಇಂಗ್ಲಿಷಿನ ಸಂಶೋಧನಾ ಲೇಖನವನ್ನೂ ಮಂತ್ರ ಹೇಳಿದ ಹಾಗೆ ಓದುತ್ತಾರೆ ಎಂದು ಕಿರಿಯರು ನಗುತ್ತಿದ್ದರು. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

ಅವರು ನಿವೃತ್ತರಾಗಿ ನರಸಿಂಹರಾಜಪುರದಲ್ಲಿ ಮಗಳ ಮನೆಯಲ್ಲಿ ನೆಲೆಸಿದರು. ಹೆಂಡತಿ ಅದಕ್ಕೆ ಮೊದಲೇ ತೀರಿಕೊಂಡಿದ್ದರು. ಮಗಳು ಕೊಪ್ಪದ ಪಕ್ಕದ ಬಾಳಗಡಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹಿಂತಿರುಗುತ್ತಾಳೆ. ಅಳಿಯನಿಗೆ ಊರಿನಲ್ಲೇ ಕೆಲಸ. ಮನೆಯಲ್ಲಿ ಯಾವಾಗಲೂ ಜನ ಇರುತ್ತಾರೆ. ಅವರ ಬಗ್ಗೆ ಚಿಂತೆ ಮಾಡುವಂಥದ್ದೇನೂ ಇರಲಿಲ್ಲ.

ಚಿಂತೆ ಇದ್ದದ್ದು ನನ್ನ ಗ್ರಂಥಾಲಯದ ಬಗ್ಗೆ. ಬಾಗಿಲ ಮೇಲಿನ ಬೋರ್ಡು ಬದಲಾಗಿ 'ಗ್ರಂಥಾಲಯ ಮತ್ತು ಮಾಹಿತಿ ಸೇವೆಗಳು' ಎಂದಾಯಿತು. ನಾನು ಅದರ ಮುಖ್ಯಸ್ಥೆಯಾದೆ. ಆದರೆ ಒಳಗೆ ಬರುವವರು ಕಡಿಮೆಯಾದರು. ಪತ್ರಿಕೆಗಳೆಲ್ಲ ಕಂಪ್ಯೂಟರಿನಲ್ಲಿ ಸಿಗತೊಡಗಿದ ಮೇಲೆ ವಿಜ್ಞಾನಿಗಳು ತಮ್ಮ ಕುರ್ಚಿಯಿಂದಲೇ ವಾಟ್ಸಾಪಿನಲ್ಲಿ ಲೇಖನದ ಹೆಸರು ಕಳಿಸುತ್ತಿದ್ದರು, ನಾನು ಹುಡುಕಿ ಪಿಡಿಎಫ್ ಕಳಿಸುತ್ತಿದ್ದೆ, ಅವರು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಸಹಾಯಕ ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಲೇಖನಗಳಲ್ಲಿ ನಕಲು ಇದೆಯೇ ಎಂದು ತಪಾಸಣೆ ಮಾಡುವುದು, ವೆಬ್‌ಸೈಟಿಗೆ ಸುದ್ದಿ ಹಾಕುವುದು, ವಾರ್ಷಿಕ ವರದಿ ತಿದ್ದುವುದು, ನಿರ್ದೇಶಕರ ಭಾಷಣಕ್ಕೆ ಚಿತ್ರ ಹುಡುಕುವುದು, ಎಲ್ಲ ಮಾಹಿತಿ ಸೇವೆಯ ಲೆಕ್ಕಕ್ಕೇ ಸೇರಿ ನನ್ನ ಮೇಜಿಗೆ ಬಂದವು. ಮಳೆಗಾಲದಲ್ಲಿ ಹಳೆಯ ಸಂಪುಟಗಳಿಗೆ ಬೂಷ್ಟು ಹಿಡಿಯುತ್ತದೆ. ಶಿಲೀಂಧ್ರದ ಪುಸ್ತಕಕ್ಕೇ ಶಿಲೀಂಧ್ರ ಬಂತು ಎಂದು ಎಲ್ಲರೂ ತಮಾಷೆ ಮಾಡುತ್ತಾರೆ. ಬಟ್ಟೆ ಹಿಡಿದು ಒರೆಸುವವಳು ಮಾತ್ರ ನಾನೊಬ್ಬಳೇ.

ಆ ದಿನಗಳಲ್ಲಿ ಸರ್ ಫೋನು ಮಾಡತೊಡಗಿದರು. ನಾನು ಬಂದು ಕೂತು ಕಂಪ್ಯೂಟರ್ ಹಾಕುವ ಹೊತ್ತಿಗೆ ಸರಿಯಾಗಿ ಮೇಜಿನ ಮೇಲಿನ ಲ್ಯಾಂಡ್‌ಲೈನು ಹೊಡೆದುಕೊಳ್ಳುತ್ತಿತ್ತು. ಮೊದಲ ಸಲ ಅವರ ಧ್ವನಿ ಕೇಳಿ ನಿಜಕ್ಕೂ ಖುಷಿಯಾಯಿತು. ಸೊರಗು ರೋಗದ ಶಿಲೀಂಧ್ರ ಬೇಸಿಗೆಯಲ್ಲಿ ಒಣಗಿದ ಮಣ್ಣಿನೊಳಗೆ ಎಲ್ಲಿ, ಹೇಗೆ ಉಳಿದುಕೊಳ್ಳುತ್ತದೆ ಎಂಬುದರ ಮೇಲೆ ಒಂದು ಹಳೆಯ ಲೇಖನ ಇದೆಯಂತೆ, ಅದರ ಪ್ರತಿ ಬೇಕು ಎಂದರು. ಹುಡುಕಿದೆ. ಅದು ಅವರದೇ ಲೇಖನವಾಗಿತ್ತು. ನನಗೇನೂ ವಿಶೇಷ ಅನ್ನಿಸಲಿಲ್ಲ. ತಾವೇ ಬರೆದದ್ದರ ಪ್ರತಿ ಕಳೆದುಕೊಂಡು ನನ್ನನ್ನು ಕೇಳುವ ವಿಜ್ಞಾನಿಗಳು ಬೇಕಾದಷ್ಟು ಜನ ಇದ್ದಾರೆ. ಪ್ರಿಂಟ್ ತೆಗೆದು, ಸ್ಟೇಪಲ್ ಹೊಡೆದು, ಸಂಜೆ ಕಾಲೇಜು ಬಿಟ್ಟ ಮೇಲೆ ಅವರ ಮಗಳು ಒಯ್ಯಲು ಬಂದಾಗ ಕೊಟ್ಟೆ.

ಮುಂದಿನ ವಾರ ಮತ್ತೆ ಕೇಳಿದರು. ಎಲ್ಲೋ ಇಟ್ಟು ಮರೆತಿರಬೇಕು ಎಂದು ಇನ್ನೊಂದು ಪ್ರತಿ ಕಳಿಸಿದೆ. ಮತ್ತೂ ಕೇಳಿದರು. ಆಮೇಲೊಂದು ದಿನ ಲೇಖನ ತಲುಪಿತು ಎಂದು ಹೇಳಲು ಫೋನು ಮಾಡಿದವರು ಅದನ್ನು ಹೊಗಳಲು ಶುರುಮಾಡಿದರು. ಯಾರೋ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಾರಮ್ಮ, ಆದರೆ ಮಣ್ಣಿನ ತೇವ ಅಳೆದ ರೀತಿ ನನಗೆ ಒಪ್ಪಿಗೆಯಿಲ್ಲ, ಅವರಿಗೊಂದು ಕಾಗದ ಬರೆಯಬೇಕು, ವಿಳಾಸ ಸಿಗುತ್ತದಾ ನೋಡು ಎಂದರು. ನೋಡುತ್ತೇನೆ ಸರ್ ಎಂದಷ್ಟೇ ಹೇಳಿ ರಿಸೀವರ್ ಇಟ್ಟೆ.

ಅವತ್ತು ಸಂಜೆ ಮಗಳು ಬಂದಾಗ ನಡೆದದ್ದನ್ನು ಹೇಗೆ ಹೇಳುವುದೆಂದು ತಿಳಿಯದೆ ತಡವರಿಸಿದೆ. ಅವಳೇ ನನ್ನ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

"ನಂಗೆ ಗೊತ್ತುಂಟು ಅಕ್ಕ. ಡಾಕ್ಟ್ರಿಗೂ ತೋರಿಸ್ತಾ ಇದೀವಿ. ಅದು ತಾವೇ ಬರೆದದ್ದು ಅಂತ ಅವರಿಗೆ ನೆನಪಿಲ್ಲ. ಆದ್ರೆ ಓದಿದ್ದು ಪೂರ್ತಿ ಅರ್ಥ ಆಗ್ತದೆ. ಪೆನ್ಸಿಲ್ ಹಿಡ್ಕೊಂಡು ಕೂತ್ರೆ ಮಧ್ಯಾಹ್ನದ ತನಕ ಏಳಲ್ಲ. ಊಟಕ್ಕೆ ಕರೆದ್ರೆ ಆ ತಪ್ಪು ಈ ತಪ್ಪು ಅಂತ ಹೇಳ್ತಾ ಖುಷೀಲಿ ಉಣ್ತಾರೆ. ನಿಮಗೆ ಕಷ್ಟ ಆಗ್ತದೆ, ಆದ್ರೂ ಕೊಡ್ತಾ ಇರಿ ಅಕ್ಕ. ಬೆಳಿಗ್ಗೆ ಎದ್ದು ಮಾಡೋಕೆ ಅವರಿಗೆ ಅದೊಂದು ಕೆಲಸ."

ಮನೆಯಲ್ಲಿದ್ದ ಹಳೆಯ ಪ್ರತಿಯನ್ನೇ ಕೊಡಬಹುದಲ್ಲ ಎಂದೆ. ಕೊಟ್ಟು ನೋಡಿದ್ದಳಂತೆ. ಗ್ರಂಥಾಲಯಕ್ಕೆ ಫೋನು ಮಾಡಿ, ಕೇಳಿ, ತರಿಸಿಕೊಂಡರೇ ಅವರಿಗೆ ಸಮಾಧಾನವಂತೆ. ಹೊಸ ಕಾಗದ, ಹೊಸ ಸ್ಟೇಪಲ್ ಇರಬೇಕು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡದ್ದು ಮನಸ್ಸಿನಿಂದಲೇ. ನನಗೆ ಬದುಕು ಕೊಟ್ಟವರಿಗೆ ವಾರಕ್ಕೊಮ್ಮೆ ಕೆಲವು ಹಾಳೆ ಕೊಡುವುದು ಯಾವ ಮಹಾ ಕಷ್ಟ ಅನ್ನಿಸಿತ್ತು.

ಹಾಗೆ ಬಹಳ ಕಾಲ ನಡೆಯಿತು. ಆದರೆ ವಾರಕ್ಕೊಮ್ಮೆ ಬರುತ್ತಿದ್ದ ಫೋನು ದಿನಾ ಬರತೊಡಗಿತು. ಆಮೇಲೆ ಒಂದೇ ಬೆಳಿಗ್ಗೆ ಮತ್ತೆ ಮತ್ತೆ. ಕೆಳಗಿಟ್ಟು ಎರಡು ಸಾಲು ಟೈಪ್ ಮಾಡುವುದರೊಳಗೆ ಮತ್ತೆ ಅದೇ ಧ್ವನಿ, ಅದೇ ಮರ್ಯಾದೆಯ ಮಾತು, ಹೇಗಿದ್ದೀಯಮ್ಮ, ಒಂದು ಲೇಖನ ಬೇಕಿತ್ತಲ್ಲ. ನಾನು ಪ್ರತಿಸಲವೂ ಹೊಸದಾಗಿ ಕೇಳಿಸಿಕೊಂಡವಳ ಹಾಗೆ ಬರೆದುಕೊಳ್ಳುವ ನಟನೆ ಮಾಡಬೇಕಿತ್ತು. ಕೆಲವು ದಿನ ಎತ್ತಲಿಲ್ಲ. ಖಾಲಿ ಹಾಲಿನಲ್ಲಿ ಅದು ಹೊಡೆದುಕೊಳ್ಳುವುದನ್ನು ಕೇಳುತ್ತ ಕಪಾಟುಗಳ ಹಿಂದೆ ಹೋಗಿ ನಿಲ್ಲುತ್ತಿದ್ದೆ. ನನ್ನದೇ ಜಾಗದಲ್ಲಿ ನಾನು ಹೀಗೆ ಅಡಗಿಕೊಳ್ಳುವುದೇ ಎಂದು ಅವರ ಮೇಲೆಯೇ ಸಿಟ್ಟು ಬರುತ್ತಿತ್ತು. ಸಂಜೆ ಮಗಳ ಕೈಗೆ ಹಾಳೆಗಳನ್ನು ಕೊಡುವಾಗ ಆ ಸಿಟ್ಟಿಗೆ ನಾಚಿಕೆಯಾಗುತ್ತಿತ್ತು. ಮರುದಿನ ಬೆಳಿಗ್ಗೆ ಮತ್ತೆ ಸಿಟ್ಟು.

ಅದೇ ಸಮಯಕ್ಕೆ ನಮ್ಮ ಪ್ರಯೋಗಾಲಯದ ಕೆಲಸ ಪರಿಶೀಲಿಸಲು ಹೊರಗಿನಿಂದ ಒಂದು ತಂಡ ಬರುವುದಿತ್ತು. ಹೊಸದಾಗಿ ತರಿಸುವ ಯಂತ್ರವೊಂದಕ್ಕೆ ಜಾಗ ಬೇಕಾಗಿತ್ತು. ಎಲ್ಲರ ಕಣ್ಣೂ ಗ್ರಂಥಾಲಯದ ಹಾಲಿನ ಮೇಲಿತ್ತು. ನಿರ್ದೇಶಕರು ನನ್ನನ್ನು ಕರೆದು, ಈಗ ಯಾರು ಬಂದು ಓದುತ್ತಾರೆ ಹೇಳಿ, ಯಾರಾದರೂ ಬರುತ್ತಾರೆ ಅಂತ ನೀವೇ ತಂಡಕ್ಕೆ ತೋರಿಸಿಕೊಡಿ, ಉಳಿದರೆ ಉಳಿಯಲಿ ಎಂದರು. ಒಳ್ಳೆಯ ಮನುಷ್ಯರೇ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವತ್ತಿನಿಂದ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಹಳೆಯ ಸಂಪುಟಗಳನ್ನೆಲ್ಲ ಒರೆಸಿ ಸಾಲಾಗಿ ನಿಲ್ಲಿಸಿದೆ. ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಿಗೆ ಅವತ್ತೊಂದು ದಿನ ಇಲ್ಲಿ ಬಂದು ಕೂತಿರಿ ಎಂದು ಹೇಳಿಟ್ಟೆ. ಅವರು ಹೂಂ ಎಂದವರು ಬರಲಿಲ್ಲ.

ತಂಡ ಬಂದ ಬೆಳಿಗ್ಗೆ ಸರ್ ಆಗಲೇ ಹಲವು ಸಲ ಫೋನು ಮಾಡಿದ್ದರು. ಪ್ರತಿಸಲವೂ ಸಂಜೆ ಕಳಿಸುತ್ತೇನೆ ಸರ್ ಎಂದಿದ್ದೆ. ವೈರ್ ಕಿತ್ತಿಡೋಣ ಎಂದು ಕೈ ಹಾಕಿದವಳು, ನಿರ್ದೇಶಕರ ಕೋಣೆಯಿಂದ ಕರೆ ಬಂದರೆ ಎಂದು ಬಿಟ್ಟೆ. ಅಷ್ಟರಲ್ಲಿ ತಂಡದ ಹಿರಿಯರೊಬ್ಬರು, ನಿರ್ದೇಶಕರು ಮತ್ತು ಇನ್ನಿಬ್ಬರು ಒಳಗೆ ಬಂದರು. ಹಿರಿಯರು ಖಾಲಿ ಕುರ್ಚಿಗಳನ್ನು ನೋಡಿದರು. ಕಪಾಟಿನಿಂದ ಒಂದು ಸಂಪುಟ ಎಳೆದು, ತೆರೆದು, ಮೂಸಿ ನೋಡಿ ಮತ್ತೆ ಒಳಗಿಟ್ಟರು. ದಿನಕ್ಕೆ ಎಷ್ಟು ಜನ ಓದುಗರು ಬರುತ್ತಾರೆ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಎತ್ತದೆ ಇರಬಹುದಿತ್ತು. ಎಲ್ಲರೂ ಫೋನಿನ ಕಡೆಗೇ ನೋಡುತ್ತಿದ್ದರು. ಎತ್ತಿದೆ.

"ಹೇಗಿದ್ದೀಯಮ್ಮ? ಒಂದು ಲೇಖನ ಬೇಕಿತ್ತಲ್ಲ. ಮೆಣಸಿನ ಸೊರಗು ರೋಗದ್ದು. ಯಾರೋ ಮಾಡಿದ್ದಾರಂತೆ."

ಆ ಕ್ಷಣದಲ್ಲಿ ನನಗೇನಾಯಿತು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಕೂಗಲಿಲ್ಲ. ಕೂಗಿದ್ದರೆ ಸಿಟ್ಟು ಎಂದು ಹೇಳಿಕೊಳ್ಳಬಹುದಿತ್ತು. ಜನರೆದುರು ಮಾತಾಡುವ ತಣ್ಣಗಿನ, ಆಫೀಸಿನ ಧ್ವನಿಯಲ್ಲಿ, ಬಿಡಿಸಿ ಬಿಡಿಸಿ ಹೇಳಿದೆ.

"ಸರ್, ಅದನ್ನು ಬರೆದದ್ದು ನೀವೇ. ನಿಮ್ಮದೇ ಲೇಖನ ಅದು. ನಿಮಗೆ ಎಷ್ಟೋ ಸಲ ಕೊಟ್ಟಿದ್ದೇನೆ. ಎಲ್ಲ ಮನೆಯಲ್ಲೇ ಇದೆ, ನೋಡಿ."

ಆ ಕಡೆ ಕಾಗದಗಳನ್ನು ಸರಿಸಿದ ಸದ್ದು ಕೇಳಿಸಿತು.

"ನಾನಾ," ಎಂದರು. "ಸರಿಯಮ್ಮ. ನಿನಗೆ ತುಂಬಾ ತೊಂದರೆ ಕೊಟ್ಟೆ."

ಫೋನು ಇಟ್ಟರು.

ಹಿರಿಯರು ಯಾರದು ಎಂದು ಕೇಳಿದರು. ನಿವೃತ್ತರಾದ ವಿಜ್ಞಾನಿಯೊಬ್ಬರು, ಈಗಲೂ ನಮ್ಮಿಂದ ಲೇಖನ ತರಿಸಿಕೊಂಡು ಓದುತ್ತಾರೆ ಎಂದೆ. ಅವರ ಮುಖ ಅರಳಿತು. ಫೋನಿನಲ್ಲೂ ಸೇವೆ ಕೊಡುತ್ತೀರೋ ಎಂದರು. ಹೌದು, ದಿನಾ ಕೊಡುತ್ತೇವೆ ಎಂದೆ. ಅದರಲ್ಲಿ ಸುಳ್ಳೇನಿರಲಿಲ್ಲ. ಅವರು ಏನೋ ಬರೆದುಕೊಂಡು ಮುಂದಿನ ಕೋಣೆಗೆ ಹೋದರು. ಆಮೇಲೆ ಬಂದ ವರದಿಯಲ್ಲಿ, ದೂರದಲ್ಲಿರುವ ಹಿರಿಯ ವಿಜ್ಞಾನಿಗಳಿಗೂ ಗ್ರಂಥಾಲಯ ಸೇವೆ ಮುಟ್ಟಿಸುತ್ತಿರುವುದು ಮೆಚ್ಚತಕ್ಕದ್ದು ಎಂಬರ್ಥದ ಒಂದು ಸಾಲು ಇತ್ತು. ಯಂತ್ರಕ್ಕೆ ಬೇರೆ ಕಟ್ಟಡದಲ್ಲಿ ಜಾಗ ಮಾಡಿದರು. ನಿರ್ದೇಶಕರು ಸಿಬ್ಬಂದಿ ಸಭೆಯಲ್ಲಿ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ನಾನು ಎದ್ದು ನಿಂತು ನಮಸ್ಕಾರ ಮಾಡಿದೆ. ಕೂತ ಮೇಲೆ ಎಷ್ಟು ಹೊತ್ತಾದರೂ ಕಿವಿ ಬಿಸಿಯಾಗಿಯೇ ಇತ್ತು.

ತಂಡ ಬಂದುಹೋದ ಮರುದಿನ ಫೋನು ಬರಲಿಲ್ಲ. ಮೊದಲು ನನಗೆ ಹಾಯೆನಿಸಿತು, ಅದನ್ನು ಇಲ್ಲ ಎನ್ನಲಾರೆ. ಎಷ್ಟೋ ದಿನಗಳ ನಂತರ ಒಂದು ಬೆಳಗ್ಗಿನ ಕೆಲಸ ಬೆಳಿಗ್ಗೆಯೇ ಮುಗಿಯಿತು. ಅದರ ಮರುದಿನವೂ ಬರಲಿಲ್ಲ. ಆಮೇಲಿನ ದಿನ ನಾನೇ ರಿಸೀವರ್ ಎತ್ತಿ ಲೈನ್ ಸರಿ ಇದೆಯೇ ಎಂದು ನೋಡಿದೆ. ಸರಿಯಿತ್ತು. ಮಗಳೂ ಸಂಜೆ ಬರುವುದನ್ನು ಬಿಟ್ಟಳು. ಬರಲು ಕಾರಣವೇ ಇರಲಿಲ್ಲವಲ್ಲ. ನನ್ನ ಹತ್ತಿರ ಅವಳ ನಂಬರ್ ಇತ್ತು. ಮಾಡಲು ಧೈರ್ಯ ಬರಲಿಲ್ಲ. ಮನೆಯಲ್ಲಿ ಗಂಡನಿಗೆ ವಿಷಯ ಹೇಳಿದೆ. ಅವರು ಊಟದ ನಡುವೆ ತಲೆ ಎತ್ತಿ, ನೀನು ಸತ್ಯವನ್ನೇ ಹೇಳಿದ್ದಲ್ವ ಮಾರಾಯ್ತಿ, ಅದಕ್ಕೆ ಇಷ್ಟು ತಲೆಬಿಸಿ ಎಂತಕ್ಕೆ ಎಂದರು. ನನ್ನ ಕೆಲಸವೇ ಸರಿಯಾದ ಮಾಹಿತಿ ಕೊಡುವುದು ಎಂದು ನಾನೂ ಕೆಲವು ದಿನ ಹೇಳಿಕೊಂಡು ತಿರುಗಿದೆ. ಆದರೆ ಸಂದರ್ಶನದ ದಿನವೇ ಸರ್ ನನಗೆ ಕಲಿಸಿದ್ದು ಬೇರೆಯೇ ಆಗಿತ್ತು. ಯಾತಕ್ಕೆ ಬೇಕು ಎಂದು ತಿಳಿದುಕೊಂಡು ಕೊಡು ಎಂದಿದ್ದರು. ಯಾತಕ್ಕೆ ಬೇಕಾಗಿತ್ತು ಎಂದು ಮಗಳು ನನಗೆ ಹೇಳಿಯೂ ಇದ್ದಳು.

ಒಂದು ಸಂಜೆ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ನಾನು ಹೂವಿನ ಅಂಗಡಿಯ ಮರೆಗೆ ಸರಿಯಬೇಕು ಅನ್ನುವಷ್ಟರಲ್ಲಿ ಅವಳೇ ನೋಡಿ ಹತ್ತಿರ ಬಂದಳು. ಸೊರಗಿದ್ದಳು. ಅಪ್ಪ ಹೇಗಿದ್ದಾರೆ ಎಂದೆ.

"ಅಪ್ಪಂಗೆ ಯಾರೋ ಹೇಳಿಬಿಟ್ಟಿದಾರೆ ಅಕ್ಕ, ಅದು ನಿಮ್ಮದೇ ಲೇಖನ ಅಂತ," ಎಂದಳು. "ಯಾರು ಅಂತ ಕೇಳಿದ್ರೆ ಹೇಳಲ್ಲ. ಹಳೇ ಸ್ನೇಹಿತರು ಯಾರಾದ್ರೂ ಫೋನ್ ಮಾಡಿರ್ಬೇಕು."

ಉಳಿದದ್ದನ್ನು ಅವಳು ಬಸ್ಸು ಬರುವವರೆಗೆ ಹೇಳುತ್ತಲೇ ಇದ್ದಳು. ಆ ದಿನ ಅವಳು ಮನೆಗೆ ಹೋದಾಗ ಸರ್ ಎಲ್ಲ ಪ್ರತಿಗಳನ್ನೂ ನೆಲದ ಮೇಲೆ ಹರಡಿಕೊಂಡು ಕೂತಿದ್ದರಂತೆ. ಮೊದಲ ಪುಟದ ಹೆಸರಿನ ಕೆಳಗೆ ಬೆರಳಿಟ್ಟು, ಇದು ನಾನಾ ಎಂದು ಕೇಳಿದರಂತೆ. ಅವಳು ಹೌದು ಎನ್ನಬೇಕಾಯಿತು. ಇಷ್ಟು ದಿನ ನಿಮಗೆಲ್ಲ ಗೊತ್ತಿತ್ತಾ ಎಂದರಂತೆ. ಅದಕ್ಕೂ ಹೌದು ಎನ್ನಬೇಕಾಯಿತು. ಮತ್ತೆ ಇನ್ನೇನೇನು ಮರೆತಿದ್ದೇನೆ, ಯಾವುದನ್ನೆಲ್ಲ ಮುಚ್ಚಿಟ್ಟಿದ್ದೀರಿ ಹೇಳಿಬಿಡಿ ಎಂದು ಒಂದೊಂದನ್ನೇ ಕೇಳತೊಡಗಿದರಂತೆ. ಹೆಂಡತಿ ತೀರಿಹೋದದ್ದು ಅವರಿಗೆ ಗೊತ್ತಿತ್ತು, ಆದರೆ ಆ ದಿನದಿಂದ ಅದನ್ನೂ ದಿನಕ್ಕೊಮ್ಮೆ ಕೇಳಿ ಖಚಿತ ಮಾಡಿಕೊಳ್ಳುತ್ತಾರಂತೆ. ಫೋನನ್ನು ಮುಟ್ಟುವುದಿಲ್ಲ. ಪೆನ್ಸಿಲನ್ನೂ ಮುಟ್ಟುವುದಿಲ್ಲ.

ನಾನೇ ಹೇಳಿದ್ದು ಎನ್ನಲು ಹೊರಟಿದ್ದೆ. ಅಷ್ಟರಲ್ಲಿ ಅವಳ ಬಸ್ಸು ಬಂತು. ಅವಳು ಹತ್ತುವಾಗ ತಿರುಗಿ, ನೀವೊಬ್ಬರು ಅಷ್ಟು ಸಹನೆಯಿಂದ ಇದ್ದಿರಿ ಅಕ್ಕ ಎಂದಳು. ನಾನು ಅವಳಿಗೆ ಕೈ ಬೀಸಿದೆ. ಅಲ್ಲಿಂದ ಮನೆಗೆ ಹೇಗೆ ನಡೆದು ಬಂದೆನೋ ನೆನಪಿಲ್ಲ.

ಆ ಭಾನುವಾರವೇ ನರಸಿಂಹರಾಜಪುರಕ್ಕೆ ಹೋದೆ. ಹೊರಡುವಾಗ ನಮ್ಮ ಗ್ರಂಥಾಲಯಕ್ಕೆ ಹೊಸದಾಗಿ ಬಂದ, ಮೆಣಸಿನ ರೋಗದ್ದೇ ಒಂದು ಲೇಖನವನ್ನು ಪ್ರಿಂಟ್ ಮಾಡಿ ಚೀಲದಲ್ಲಿ ಇಟ್ಟುಕೊಂಡಿದ್ದೆ. ಇದು ಖಂಡಿತ ನಿಮ್ಮದಲ್ಲ ಸರ್, ಬೇರೆಯವರದು, ಓದಿ ಅಭಿಪ್ರಾಯ ಹೇಳಿ ಎಂದು ಕೊಡಬೇಕು, ಮೊದಲಿನ ಹಾಗೆ ಬೆಳಗಿನ ಕೆಲಸ ಮತ್ತೆ ಶುರುವಾದರೆ ಸಾಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಸರ್ ಮುಂದಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಚ್ಚುಕಟ್ಟಾಗಿ ಬಿಳಿ ಅಂಗಿ ತೊಟ್ಟಿದ್ದರು, ಗಡ್ಡ ತೆಗೆದಿತ್ತು. ನನ್ನನ್ನು ಕಂಡು ಎದ್ದು ನಿಂತು ಕೈ ಮುಗಿದರು. ಅವರು ಯಾವತ್ತೂ ನನಗೆ ಕೈ ಮುಗಿದವರಲ್ಲ. ಅಲ್ಲಿಗೇ ನನಗೆ ತಿಳಿಯಿತು, ನಾನು ಯಾರೆಂದು ಅವರಿಗೆ ಗೊತ್ತಾಗಿಲ್ಲ ಎಂದು. ಪ್ರಯೋಗಾಲಯದಿಂದ ಬಂದಿದ್ದೇನೆ ಎಂದೆ. ಬಹಳ ಸಂತೋಷ, ಕೂತುಕೊಳ್ಳಿ ಎಂದರು. ಬಹುವಚನದಲ್ಲಿ ಮಾತಾಡಿಸಿದರು. ಸ್ವಲ್ಪ ಹೊತ್ತು ಮಳೆ, ಬಸ್ಸು ಎಂದು ಏನೇನೋ ಮಾತಾಡಿದ ಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, ಒಳಗಿನವರಿಗೆ ಕೇಳಿಸಬಾರದು ಎಂಬಂತೆ ತಗ್ಗಿದ ಧ್ವನಿಯಲ್ಲಿ ಹೇಳಿದರು.

"ಅಲ್ಲಿ ಲೈಬ್ರರೀಲಿ ಒಬ್ಬಳು ಹೆಣ್ಣುಮಗಳು ಇದ್ದಾಳೆ. ಒಳ್ಳೆಯವಳು. ನಾನು ಅವಳಿಗೆ ದಿನಾ ಫೋನ್ ಮಾಡಿ ಗೋಳು ಹೊಯ್ಕೊಂಡಿದ್ದೀನಂತೆ. ನನಗದು ಗೊತ್ತೇ ಇರಲಿಲ್ಲ. ಈಗ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದ್ರೆ ಅದೂ ಅವಳಿಗೆ ತೊಂದರೆ. ನೀವು ಕಂಡ್ರೆ ಒಂದು ಮಾತು ಹೇಳ್ತೀರಾ?"

ನಾನೇ ಸರ್ ಅದು ಎಂದು ಆಗ ಹೇಳಬೇಕಿತ್ತು. ಹೇಳಿದ್ದರೆ ಇನ್ನೊಂದು ಮರೆತದ್ದರ ಲೆಕ್ಕ ಅವರ ತಲೆಗೆ ಏರುತ್ತಿತ್ತು. ಹೇಳದಿದ್ದರೆ ಮಾಡಬಾರದ್ದು ಮಾಡಿ ಅವರಿಂದಲೇ ಕ್ಷಮೆ ಕೇಳಿಸಿಕೊಂಡು ಕೂತ ಹಾಗೆ. ಎರಡನೆಯದನ್ನೇ ಮಾಡಿದೆ. ಹೇಳುತ್ತೇನೆ ಸರ್, ಅವಳಿಗೆ ಬೇಸರವೇನೂ ಇಲ್ಲ, ನಿಮ್ಮ ಫೋನು ಬಂದರೆ ಅವಳಿಗೆ ಖುಷಿಯೇ ಎಂದೆ. ಅವರು ನನ್ನ ಮುಖವನ್ನೇ ನೋಡಿ, ಎಲ್ಲರೂ ಹಾಗೇ ಹೇಳುತ್ತಾರೆ ಎಂದರು. ಅದರಲ್ಲಿ ಕಹಿಯಿರಲಿಲ್ಲ. ಆದರೆ ಅವರು ಇನ್ನು ಯಾರನ್ನೂ ನಂಬುವುದಿಲ್ಲ ಎಂಬುದು ಗೊತ್ತಾಯಿತು.

ಚೀಲದಿಂದ ಲೇಖನ ತೆಗೆದು ಕೊಟ್ಟೆ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದರು. ಓದಲಿಲ್ಲ. ಮೊದಲ ಪುಟವನ್ನು ಕಣ್ಣಿನ ಹತ್ತಿರ ತಂದು ಹೆಸರುಗಳನ್ನು ಹುಡುಕಿದರು. ಒಂದೊಂದೇ ಹೆಸರಿನ ಕೆಳಗೆ ಬೆರಳು ಸರಿಸಿದರು.

"ಇದೂ ನಾನು ಬರೆದದ್ದಾ?"

ಅಲ್ಲ ಸರ್, ಇದು ಬೇರೆಯವರದು ಎಂದೆ. ಹೌದಾ ಎಂದು ಮತ್ತೆ ಹೆಸರುಗಳ ಮೇಲೆ ಬೆರಳು ಆಡಿಸಿದರು. ಆಮೇಲೆ ಜೋಪಾನವಾಗಿ ಮಡಿಸಿ ನನ್ನ ಕೈಗೇ ವಾಪಸ್ಸು ಕೊಟ್ಟರು.

ನಾನು ಎದ್ದು ಅಡಿಗೆಮನೆಗೆ ಹೋದೆ. ಮಗಳು ಕಾಫಿ ಸೋಸುತ್ತಿದ್ದಳು. ಬಾಗಿಲಲ್ಲೇ ನಿಂತು, ಅಪ್ಪನಿಗೆ ಹೇಳಿದವಳು ನಾನೇ ಎಂದೆ. ಅವತ್ತು ತಂಡ ಬಂದದ್ದು, ಖಾಲಿ ಕುರ್ಚಿಗಳು, ಎಲ್ಲವನ್ನೂ ಹೇಳಿದೆ. ಆಮೇಲೆ ಆ ಫೋನನ್ನೇ ತೋರಿಸಿ ಗ್ರಂಥಾಲಯ ಉಳಿಸಿಕೊಂಡದ್ದನ್ನೂ ಹೇಳಿದೆ. ಅದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟವಾಯಿತು. ಅವಳು ತಿರುಗಿ ನೋಡಲಿಲ್ಲ. ಲೋಟಗಳಿಗೆ ಕಾಫಿ ಬಗ್ಗಿಸಿದಳು, ಸಕ್ಕರೆ ಹಾಕಿ ಕಲಕಿದಳು, ಚಮಚ ತೊಳೆದು ಇಟ್ಟಳು.

"ನಂಗೂ ಒಂದೊಂದಿನ ಹೇಳಿಬಿಡೋಣ ಅನ್ನಿಸ್ತಿತ್ತು ಅಕ್ಕ," ಎಂದಳು ಕೊನೆಗೆ. "ದಿನಾ ಅದೇ ಮಾತು ಕೇಳಿ ಕೇಳಿ ಸಾಕಾಗಿತ್ತು." ಲೋಟವನ್ನು ನನ್ನ ಕೈಗೆ ಕೊಟ್ಟಳು. "ಆದ್ರೆ ಹೇಳಿರ್ಲಿಲ್ಲ."

ಅಷ್ಟೇ. ಬೈಯಲಿಲ್ಲ. ಪರವಾಗಿಲ್ಲ ಬಿಡಿ ಎಂದೂ ಹೇಳಲಿಲ್ಲ. ನಾನು ಕಾಫಿ ಕುಡಿದೆ. ಅವಳು ಮತ್ತೊಂದು ಲೋಟ ತೆಗೆದುಕೊಂಡು ಅಪ್ಪನಿಗೆ ಕೊಡಲು ಹೋದಳು.

ಆಮೇಲೆ ಆಗಾಗ ಹೋಗುತ್ತಿದ್ದೇನೆ. ಪ್ರತಿ ಭಾನುವಾರ ಎಂದು ನೇಮವೇನಿಲ್ಲ. ಶೃಂಗೇರಿಯ ತವರುಮನೆಗೆ ಹೋಗಬೇಕಾದ ಎಷ್ಟೋ ಭಾನುವಾರಗಳು ಈ ಕಡೆಗೆ ತಿರುಗಿವೆ. ಮೊದಮೊದಲು ಏನಾದರೊಂದು ಓದಲು ಒಯ್ಯುತ್ತಿದ್ದೆ. ವಿಜ್ಞಾನ ಬೇಡವೆಂದು ಪ್ರವಾಸದ್ದು, ಹಕ್ಕಿಗಳದ್ದು, ಹಳೆಯ ಸಂಸ್ಕೃತ ಶ್ಲೋಕಗಳದ್ದು. ಏನು ಕೊಟ್ಟರೂ ಅವರು ಮೊದಲು ಹೆಸರು ಹುಡುಕುತ್ತಿದ್ದರು. ಇದು ನಾನು ಬರೆದದ್ದಾ ಎನ್ನುತ್ತಿದ್ದರು. ಶ್ಲೋಕದ ಪುಸ್ತಕಕ್ಕೂ ಅದನ್ನೇ ಕೇಳಿದ ದಿನ ಮಗಳು ಒಳಗೆ ಎದ್ದುಹೋದಳು. ಅಲ್ಲಿಂದ ಮುಂದೆ ನಾನು ಏನನ್ನೂ ಒಯ್ಯಲಿಲ್ಲ.

ಡಾಕ್ಟರು ಮಗಳಿಗೆ ಹೇಳಿದ್ದಾರಂತೆ, ಈ ಕಾಯಿಲೆ ಹೀಗೇ ಮುಂದುವರಿಯುವುದು, ಇವತ್ತಲ್ಲ ನಾಳೆ ಓದುವುದು ನಿಲ್ಲುತ್ತಲೇ ಇತ್ತು ಎಂದು. ಅವಳು ಅದನ್ನು ನನಗೆ ಫೋನಿನಲ್ಲಿ ಹೇಳಿದಳು, ನನ್ನ ಸಮಾಧಾನಕ್ಕೆಂದೇ ಹೇಳಿದಳು ಎಂದು ಕಾಣುತ್ತದೆ. ಅದೂ ನಿಜವೇ ಇರಬಹುದು. ನಾನು ಹುಡುಕುವುದರಲ್ಲಿ ಪಳಗಿದವಳು. ಆ ಕಾಯಿಲೆಯ ಬಗ್ಗೆ ನಮಗೆ ಸಿಗುವ ಪತ್ರಿಕೆಗಳಲ್ಲಿ ಏನೇನಿದೆಯೋ ಎಲ್ಲವನ್ನೂ ತೆಗೆದು ಓದಿದೆ. ಓದು ಯಾವಾಗ ನಿಲ್ಲುತ್ತದೆ ಎಂದು ಯಾರೂ ಖಚಿತವಾಗಿ ಹೇಳಿಲ್ಲ. ಇನ್ನೊಂದು ಮಳೆಗಾಲ ಅವರು ಪೆನ್ಸಿಲ್ ಹಿಡಿದು ಕೂತಿರುತ್ತಿದ್ದರೋ ಏನೋ. ನನಗೆ ಬೇಕಾದ ಉತ್ತರ ಎಲ್ಲೂ ಸಿಗಲಿಲ್ಲ.

ಈಚೆಗೆ ಅವರು ಹೆಚ್ಚು ಶಾಂತವಾಗಿದ್ದಾರೆ. ಮರೆತಿದ್ದೇನೆ ಎಂಬುದನ್ನೂ ಮರೆಯತೊಡಗಿದ್ದಾರೆ ಎಂದು ಅಳಿಯ ಹೇಳಿದರು. ಕಳೆದ ಸಲ ಹೋದಾಗ ಸಂಜೆ ತಂಪು ಹೊತ್ತಿನಲ್ಲಿ ಸರ್, ಮಗಳು, ನಾನು ಮೂವರೂ ಹೊಳೆಯ ಹಿನ್ನೀರು ಕಾಣುವವರೆಗೆ ನಡೆದುಹೋದೆವು. ಸರ್ ನನ್ನನ್ನು ಮಗಳ ಕಾಲೇಜಿನವಳೆಂದು ತಿಳಿದಿದ್ದರು. ಮಕ್ಕಳು ಪಾಠ ಕೇಳುತ್ತಾರಾ, ಗಲಾಟೆ ಮಾಡುತ್ತಾರಾ ಎಂದು ದಾರಿಯುದ್ದಕ್ಕೂ ವಿಚಾರಿಸಿದರು. ಕೇಳುತ್ತಾರೆ ಸರ್ ಎಂದೆ. ನೀರಿನ ಹತ್ತಿರ ಒಂದು ಕಲ್ಲಿನ ಮೇಲೆ ಕೂತು ಎದುರು ದಡವನ್ನು ನೋಡುತ್ತಿದ್ದರು. ಮಗಳು ಅವರ ಶಾಲು ಸರಿಮಾಡಿದಳು.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸು ಹತ್ತಿಸಲು ತಾನೂ ಬರುತ್ತೇನೆ ಎಂದು ಸರ್ ಹಟ ಹಿಡಿದರು. ಬಸ್ಸು ಬಂದಾಗ ಅದರಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಹೇಗೋ ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಂತೆ. ಸರ್ ಬಾಗಿಲಿನ ಹತ್ತಿರ ಬಂದು ಕಂಡಕ್ಟರನ ತೋಳು ಮುಟ್ಟಿದರು.

"ಇವರು ಮೇಡಮ್ಮು. ದಿನಾ ನಿಂತೇ ಪಾಠ ಮಾಡೋರು. ಎಲ್ಲಾದ್ರೂ ಒಂದು ಸೀಟು ಮಾಡಿಕೊಡು ಮಾರಾಯ."

ಕಂಡಕ್ಟರ್ ಆಯ್ತು ಅಜ್ಜ ಎಂದು ಹೇಳಿ, ಮುಂದೆ ಕೂತಿದ್ದ ಒಬ್ಬನನ್ನು ಎಬ್ಬಿಸಿದ. ನಾನು ಬೇಡ ಎಂದೆ. ಅಷ್ಟರಲ್ಲಿ ಅವನು ಎದ್ದಾಗಿತ್ತು, ಹಿಂದಿನವರು ನನ್ನನ್ನು ಮುಂದಕ್ಕೆ ದಾಟಿಸಿದ್ದರು. ಕಿಟಕಿಯಿಂದ ನೋಡಿದರೆ ಸರ್ ನಾನು ಕೂತೆನೋ ಇಲ್ಲವೋ ಎಂದು ಕತ್ತು ಚಾಚಿ ನೋಡುತ್ತಿದ್ದರು. ಕೂತಿದ್ದೇನೆ ಎಂದು ಕೈ ಎತ್ತಿ ತೋರಿಸಿದೆ.